ಬಿಚ್ಚುವ ಮುನ್ನ: ತುಕ್ಕು ಹಿಡಿದ ಎಂಜಿಬಿಯೊಂದಿಗೆ ಐದು ವಾರ

ಹನ್ನೊಂದು ವರ್ಷ ಶೆಡ್ಡಿನ ಮೂಲೆಯಲ್ಲಿ ತಾಡಪಾಲು ಹೊದ್ದು ನಿಂತಿದ್ದ ನನ್ನ 1972ರ ಎಂಜಿಬಿ ರೋಡ್‌ಸ್ಟರ್ ಕಾರನ್ನು (ಬ್ರಿಟನ್ನಿನ ಎಂಜಿ ಕಂಪನಿಯ ಛಾವಣಿ ತೆರೆದ ಸ್ಪೋರ್ಟ್ಸ್ ಕಾರು) ದುರಸ್ತಿ ಮಾಡಿ ಮತ್ತೆ ರಸ್ತೆಗೆ ಇಳಿಸುವುದೋ, ಇದ್ದ ಹಾಗೆಯೇ ಮಾರಿಬಿಡುವುದೋ ಎಂದು ತೀರ್ಮಾನಿಸಲು ಐದು ವಾರಾಂತ್ಯಗಳನ್ನು ಮೀಸಲಿಟ್ಟಿದ್ದೆ. ಆ ದಿನಗಳಲ್ಲಿ ಬರೆದಿಟ್ಟ ಟಿಪ್ಪಣಿಗಳನ್ನು ಇಲ್ಲಿ ಕ್ರಮವಾಗಿ ಕೊಡುತ್ತಿದ್ದೇನೆ. ನನಗೆ ನಾನೇ ಹಾಕಿಕೊಂಡ ಷರತ್ತು ಒಂದೇ: ಮತ್ತೆ ಜೋಡಿಸಲು ಒಂದು ಸಂಜೆಗಿಂತ ಹೆಚ್ಚು ಹೊತ್ತು ಬೇಕಾಗುವ ಯಾವುದನ್ನೂ ತೀರ್ಮಾನಕ್ಕೆ ಮೊದಲು ಬಿಚ್ಚಕೂಡದು. ಕಾರನ್ನು ಬಿಚ್ಚಿ ಡಬ್ಬಿಗಳಲ್ಲಿ ತುಂಬಿಟ್ಟ ಮೇಲೆ ಅದನ್ನು ಕೊಳ್ಳಲು ಬಂದವನು ಮೊದಲು ಕೇಳುವುದು "ಎಲ್ಲ ಇದೆಯೇ?" ಎಂದು. ಆ ಪ್ರಶ್ನೆಗೆ ಯಾರೂ ಎದೆ ಮುಟ್ಟಿ ಹೌದೆನ್ನಲಾರರು, ಬೆಲೆ ಅಲ್ಲಿಗೇ ಅರ್ಧವಾಗುತ್ತದೆ.

ಮೊದಲ ವಾರ: ಹೊರಮೈ ಮತ್ತು ಸಂಖ್ಯೆಗಳು

ತಾಡಪಾಲು ತೆಗೆದಾಗ ಮೊದಲು ಕಂಡದ್ದು ನನ್ನದೇ ತಪ್ಪು. ಮಳೆಹನಿಯಿಂದ ಕಾಪಾಡಲೆಂದು ಹೊದಿಸಿದ್ದ ಆ ದಪ್ಪ ಹೊದಿಕೆ ಮಣ್ಣುನೆಲದಿಂದ ಏಳುವ ತೇವ ಹೊರಹೋಗದಂತೆ ತಡೆದು, ಇಡೀ ಕಾರನ್ನು ಹಬೆಯಲ್ಲಿ ಇಟ್ಟಂತೆ ಮಾಡಿತ್ತು. ಉಕ್ಕಿಗೆ ತುಕ್ಕು ಹಿಡಿಯಲು ಮೇಲಿನಿಂದ ನೀರು ಸುರಿಯಬೇಕೆಂದಿಲ್ಲ; ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 60 ದಾಟಿದರೆ ಸಾಕು, ಬಣ್ಣ ಬಿಟ್ಟ ಕಡೆಯೆಲ್ಲ ಅದು ಚುರುಕಾಗುತ್ತದೆ. ನೆಲಕ್ಕೊಂದು ಪ್ಲಾಸ್ಟಿಕ್ ಹಾಳೆ, ಮೇಲೆ ಗಾಳಿಯಾಡುವ ಬಟ್ಟೆಯ ಹೊದಿಕೆ ಇದ್ದಿದ್ದರೆ ಈ ಬರಹದ ಅರ್ಧ ಭಾಗ ಬೇಕಾಗುತ್ತಿರಲಿಲ್ಲ.

ಹೊರಗಿನಿಂದ ಎಣಿಸಬಹುದಾದದ್ದನ್ನೆಲ್ಲ ಎಣಿಸಿದೆ. ಮುಂದಿನ ಎರಡೂ ಮಡ್‌ಗಾರ್ಡ್‌ಗಳ ಹಿಂಬದಿಯ ಕೆಳಮೂಲೆ ತೂತಾಗಿದೆ. ಬಾಗಿಲುಗಳ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿದೆ. ಸೀಟಿನ ಹಿಂದೆ ನೆಲದಡಿಯಲ್ಲಿರುವ ಬ್ಯಾಟರಿ ಪೆಟ್ಟಿಗೆಗಳಲ್ಲಿ ಒಂದರ ತಳವೇ ಇಲ್ಲ. ಈ ಕಾಲದ ಎಂಜಿಬಿಯಲ್ಲಿ ಎರಡು 6 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ ಅಲ್ಲಿ ಕೂರಿಸುತ್ತಿದ್ದರು. ಚೆಲ್ಲಿದ ಆಸಿಡ್ ತಗಡನ್ನು ತಿಂದಿರುತ್ತದೆ, ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಡಿಕ್ಕಿಯ ನೆಲ, ಬಾನೆಟ್ಟು, ಹಿಂದಿನ ಸ್ಪ್ರಿಂಗ್ ಹಿಡಿಕೆಗಳು ಗಟ್ಟಿಯಾಗಿವೆ. ಒಳಗೆ ಇಲಿಗಳು ಸೀಟಿನ ಸ್ಪಂಜು ಕಿತ್ತು ಗೂಡು ಕಟ್ಟಿದ್ದವು.

ಸಂಖ್ಯೆಗಳ ಕಡೆ ಸಮಾಧಾನವಿತ್ತು. ಕಾರ್ಖಾನೆಯವರು ಕೊಟ್ಟ ಕಾರಿನ ಸಂಖ್ಯೆ ಜಿಎಚ್ಎನ್5 ಎಂದು ಆರಂಭವಾಗುತ್ತದೆ. ಎರಡು ಸೀಟಿನ ತೆರೆದ ಮಾದರಿಗೆ ಅದೇ ಸರಿ, ಗಟ್ಟಿ ಛಾವಣಿಯ ಜಿಟಿ ಮಾದರಿ ಆಗಿದ್ದರೆ ಜಿಎಚ್‌ಡಿ5 ಇರಬೇಕಿತ್ತು. ಎಂಜಿನ್ನಿನ ಮೇಲಿನ 18ವಿ ಎಂಬ ಗುರುತೂ ಆ ವರ್ಷಕ್ಕೆ ಹೊಂದುತ್ತದೆ. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಮ್ಮಿನವರು ಕಾರ್ಖಾನೆಯ ದಾಖಲೆ ನೋಡಿ ಕೊಡುವ ಪ್ರಮಾಣಪತ್ರವನ್ನು ನಾನು ಕಾರು ಕೊಂಡ ವರ್ಷವೇ ತರಿಸಿಟ್ಟಿದ್ದೆ. ಎಂಜಿನ್ ಮೂಲದ್ದೇ, ಬಣ್ಣ ಮಾತ್ರ ಬದಲಾಗಿದೆ. ಇದು 1974ರಲ್ಲಿ ಕಪ್ಪು ರಬ್ಬರ್ ಬಂಪರ್ ಬರುವುದಕ್ಕೆ ಮುಂಚಿನ, ಕ್ರೋಮ್ ಬಂಪರಿನ ಕಾರು. ಕೊಳ್ಳುವವರು ಹೆಚ್ಚಾಗಿ ಹುಡುಕುವುದು ಇದನ್ನೇ.

ಆದರೂ ಒಂದು ಮಾತನ್ನು ಆ ದಿನವೇ ದೊಡ್ಡ ಅಕ್ಷರದಲ್ಲಿ ಬರೆದುಕೊಂಡೆ: ಇದು ಅಪರೂಪದ ಕಾರಲ್ಲ. 1962ರಿಂದ 1980ರ ತನಕ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದಿವೆ. ಬಿಡಿಭಾಗಗಳಷ್ಟೇ ಅಲ್ಲ, 1988ರಿಂದ ಈಚೆಗೆ ಇಡೀ ಬಾಡಿಯೇ ಹೊಸದಾಗಿ ಸಿಗುತ್ತದೆ. ದುರಸ್ತಿ ಮಾಡುವವನಿಗೆ ಇದು ವರ. ಆದರೆ "ಇಂಥದ್ದು ಇನ್ನೆಲ್ಲೂ ಸಿಗದು, ಉಳಿಸಲೇಬೇಕು" ಎಂಬ ವಾದಕ್ಕೆ ಇಲ್ಲಿ ಜಾಗವಿಲ್ಲ. ಉಳಿಸುವುದಾದರೆ ಅದು ನನ್ನ ಖುಷಿಗೆ ಮಾತ್ರ.

ಎರಡನೆಯ ವಾರ: ಎಂಜಿನ್

ಎಂಜಿನ್ ತಿರುಗದಂತೆ ಹಿಡಿದುಕೊಂಡಿತ್ತು. ನಾಲ್ಕೂ ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಪ್ರತಿ ಸಿಲಿಂಡರಿಗೂ ತುಕ್ಕು ಬಿಡಿಸುವ ಎಣ್ಣೆಯನ್ನು ಎರಡೆರಡು ಚಮಚದಷ್ಟು ಬಿಟ್ಟು, ಬಾಯಿಗೆ ಬಟ್ಟೆ ತುರುಕಿ ಒಂದು ವಾರ ಹಾಗೇ ಇಟ್ಟಿದ್ದೆ. ಶನಿವಾರ ಬೆಳಿಗ್ಗೆ ನಾಲ್ಕನೆಯ ಗೇರು ಹಾಕಿ, ಹಿಂದಿನಿಂದ ಭುಜ ಕೊಟ್ಟು ಕಾರನ್ನು ಹಿಂದಕ್ಕೂ ಮುಂದಕ್ಕೂ ತೂಗಿದೆ. ಸೆಲ್ಫ್ ಮೋಟಾರಿನಿಂದ ತಿರುಗಿಸಲು ಹೋಗಲಿಲ್ಲ. ಅಂಟಿಕೊಂಡ ಪಿಸ್ಟನ್ ರಿಂಗು ಬಿಡುವುದಕ್ಕೆ ಮೊದಲೇ ಮುರಿದರೆ ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಗೀರು ಬೀಳುತ್ತದೆ. ಅರ್ಧ ಗಂಟೆಯ ಮೇಲೆ, ಒಣಗಿದ ಕೊಂಬೆ ಬಾಗಿದಂಥ ಒಂದು ಸಣ್ಣ ಸದ್ದಿನೊಡನೆ, ಫ್ಯಾನು ಒಂದು ಬೆರಳಿನಷ್ಟು ಸರಿಯಿತು. ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಸುತ್ತು ತಿರುಗುತ್ತಿತ್ತು.

ಹಳೆಯ ಎಣ್ಣೆ ಬಸಿದು ಹೊಸದು ತುಂಬಿದೆ. ವಾಲ್ವುಗಳ ಮೇಲಿನ ಟ್ಯಾಪೆಟ್ ಅಂತರಗಳನ್ನು 0.38 ಮಿ.ಮೀ.ಗೆ ಹೊಂದಿಸಿದೆ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನು ನಯವಾದ ಕಾಗದದಿಂದ ಉಜ್ಜಿದೆ. ಟ್ಯಾಂಕಿನ ಪೆಟ್ರೋಲು ವಾರ್ನಿಷ್ ವಾಸನೆ ಹೊಡೆಯುತ್ತಿತ್ತು. ಅದನ್ನು ಬಿಟ್ಟು ಹೊರಗಿನ ಕ್ಯಾನಿನಿಂದ ಪೈಪು ಕೊಟ್ಟೆ. ಎರಡು ಎಸ್‌ಯು ಕಂಪನಿಯ ಕಾರ್ಬುರೇಟರುಗಳಲ್ಲಿ ಹಿಂದಿನದರ ಪಿಸ್ಟನ್ ಮೇಲಕ್ಕೆ ಎತ್ತಿದರೆ ಅಲ್ಲೇ ನಿಲ್ಲುತ್ತಿತ್ತು. ಗಂಟೆಯಾಕಾರದ ಮುಚ್ಚಳ ಬಿಚ್ಚಿ, ಒಳಗಿನ ಗೋಂದಿನಂಥ ಪದರವನ್ನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ ಮೇಲೆ ಅದು "ಟಕ್" ಎಂದು ಕೆಳಗಿಳಿಯಿತು. ಆ ಸದ್ದು ಕೇಳಿದರೆ ಕಾರ್ಬುರೇಟರು ಸರಿಯಾಗಿದೆ ಎಂದರ್ಥ. ವಿದ್ಯುತ್ ಇಂಧನ ಪಂಪು ಸುಮ್ಮನಿತ್ತು. ಸ್ಪ್ಯಾನರಿನ ಹಿಡಿಯಿಂದ ಮೆಲ್ಲನೆ ಎರಡು ಏಟು ಕೊಟ್ಟೊಡನೆ ಟಿಕ್‌ಟಿಕ್ ಎನ್ನತೊಡಗಿತು. ಈ ಪಂಪಿನ ಒಳಗಿನ ಪಾಯಿಂಟುಗಳಿಗೆ ಕಿಲುಬು ಹಿಡಿದಾಗ ಎಲ್ಲರೂ ಮಾಡುವ ಚಿಕಿತ್ಸೆ ಅದು.

ಪ್ಲಗ್ಗು ಹಾಕುವ ಮುನ್ನ ಅಳೆದ ಕಂಪ್ರೆಷನ್, ಅಂದರೆ ಒಂದೊಂದು ಸಿಲಿಂಡರಿನೊಳಗಿನ ಒತ್ತಡ, 150, 145, 148, 140 ಪಿಎಸ್ಐ ಬಂತು. ಅಂಕಿ ಎಷ್ಟೆಂಬುದಕ್ಕಿಂತ ಅವುಗಳ ನಡುವಿನ ಅಂತರ ಮುಖ್ಯ, ಅದು ಶೇ. 10ರ ಒಳಗಿದ್ದರೆ ಬೋರು, ವಾಲ್ವುಗಳ ಬಗ್ಗೆ ಸದ್ಯಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಭಾನುವಾರ ಸಂಜೆ 1798 ಸಿಸಿಯ ಆ ಎಂಜಿನ್ ಕೆಮ್ಮಿ, ನೀಲಿ ಹೊಗೆ ಕಾರಿ, ನಾಲ್ಕೂ ಸಿಲಿಂಡರಿನಲ್ಲಿ ಓಡಿತು.

ಆ ಸಂಜೆ ನಾನು ದುರಸ್ತಿ ಮಾಡುವ ತೀರ್ಮಾನವನ್ನು ಮನಸ್ಸಿನಲ್ಲಿ ಮಾಡಿಬಿಟ್ಟಿದ್ದೆ ಎಂದು ಒಪ್ಪಿಕೊಳ್ಳಬೇಕು. ಸೈಲೆನ್ಸರಿನ ಸದ್ದಿಗೆ ಅಂಥ ಶಕ್ತಿಯಿದೆ. ಆದರೆ ಈ ಕಾರಿನಲ್ಲಿ ಎಂಜಿನ್ ಅತ್ಯಂತ ಸುಲಭದ ಭಾಗ: ನಾಲ್ಕು ಬೋಲ್ಟು ಬಿಚ್ಚಿ ಮೇಜಿನ ಮೇಲಿಟ್ಟು ಮಾಡಬಹುದಾದ ಕೆಲಸ, ಎಲ್ಲ ಭಾಗವೂ ಸಿಗುತ್ತದೆ, ಅಳತೆಗಳೆಲ್ಲ ಪುಸ್ತಕದಲ್ಲಿವೆ. ಎಂಜಿನ್ ಓಡಿದ್ದನ್ನು ನೋಡಿ ಕಾರು ಉಳಿಸಲು ಹೊರಟವರು ಆಮೇಲೆ ತಗಡಿನಲ್ಲಿ ಸಿಕ್ಕಿಕೊಳ್ಳುತ್ತಾರೆ.

ಮೂರನೆಯ ವಾರ: ಸಿಲ್

ಇದಕ್ಕೆ ಮುಂಚಿನ ಎಂಜಿಎ ಕಾರಿಗೆ ಬೇರೆಯೇ ಚಾಸಿಸ್ ಇತ್ತು. ಬಾಡಿ ಕೊಳೆತರೂ ಕೆಳಗಿನ ಅಸ್ಥಿಪಂಜರ ನಿಲ್ಲುತ್ತಿತ್ತು. ಎಂಜಿಬಿಗೆ ಬಾಡಿಯೇ ಚಾಸಿಸ್. ಅದರಲ್ಲೂ ತೆರೆದ ಮಾದರಿಗೆ ಮೇಲೆ ಛಾವಣಿಯ ಆಸರೆ ಇಲ್ಲದ ಕಾರಣ, ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಡುವ ಹೊಣೆ ಮುಖ್ಯವಾಗಿ ಬಾಗಿಲುಗಳ ಕೆಳಗೆ ಉದ್ದಕ್ಕೆ ಸಾಗುವ ಎರಡು ಟೊಳ್ಳು ಪೆಟ್ಟಿಗೆಗಳ ಮೇಲೆ ಬೀಳುತ್ತದೆ. ಇವೇ ಸಿಲ್‌ಗಳು. ಹೊರಗೊಂದು ತಗಡು, ಒಳಗೊಂದು ತಗಡು, ನಡುವೆ ಲಂಬವಾಗಿ ನಿಂತ ಇನ್ನೊಂದು ತಗಡು, ಕೆಳಗೆ ಕ್ಯಾಸಲ್ ರೈಲ್ ಎಂಬ ಪಟ್ಟಿ. ಇಷ್ಟೂ ಸ್ಪಾಟ್ ವೆಲ್ಡಿನಿಂದ, ಅಂದರೆ ಚುಕ್ಕಿ ಚುಕ್ಕಿಯಾಗಿ ಹಾಕಿದ ಬೆಸುಗೆಯಿಂದ, ಒಂದಾಗಿ ನಿಂತಾಗ ಮಾತ್ರ ಪೆಟ್ಟಿಗೆಗೆ ಬಲ. ಹೊರಗಿನಿಂದ ಕಣ್ಣಿಗೆ ಬೀಳುವುದು ಒಂದೇ ತಗಡು, ಅದೂ ಅರ್ಧ.

ಮೊದಲು ಅಯಸ್ಕಾಂತ. ಬಣ್ಣ ಗೀಚದಂತೆ ತೆಳುಬಟ್ಟೆ ಸುತ್ತಿ ಸಿಲ್ಲಿನ ಉದ್ದಕ್ಕೂ ಎಳೆದೆ. ಎಡಬದಿಯ ಹಿಂದಿನ ತುದಿಯಲ್ಲಿ ಅಂಗೈ ಅಗಲದ ಜಾಗದಲ್ಲಿ ಅದು ಹಿಡಿಯಲೇ ಇಲ್ಲ. ಅಲ್ಲಿರುವುದು ಪುಟ್ಟಿ. ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಗಟ್ಟಿ ತಗಡು "ಠಣ್" ಎನ್ನಬೇಕು; ಇಲ್ಲಿ ಒದ್ದೆ ಮರಕ್ಕೆ ಬಡಿದಂತೆ "ದಬ್ ದಬ್" ಎಂದಿತು.

ಆಮೇಲೆ ಬಾಗಿಲಿನ ಸಂದು. ಕಾರು ತನ್ನ ನಾಲ್ಕು ಚಕ್ರದ ಮೇಲೆ ನಿಂತಿದ್ದಾಗ ಎಡ ಬಾಗಿಲಿನ ಹಿಂದಿನ ಸಂದು ಮೇಲ್ತುದಿಯಲ್ಲಿ 2 ಮಿ.ಮೀ., ಕೆಳತುದಿಯಲ್ಲಿ 6 ಮಿ.ಮೀ. ಇತ್ತು. ಸಂದು ಮೇಲೆ ಕಿರಿದಾಗಿದೆ ಎಂದರೆ ಕಾರಿನ ನಡು ಕುಸಿದಿದೆ ಎಂದೇ ಅರ್ಥ. ಸಿಲ್ಲಿನ ನಡುಭಾಗದಡಿಗೆ ಉದ್ದನೆಯ ಹಲಗೆಯಿಟ್ಟು ಜಾಕನ್ನು ಮೆಲ್ಲಗೆ ಏರಿಸಿದೆ. ಒಳಗಿನಿಂದ ಹಪ್ಪಳ ಮುರಿದಂಥ ಸದ್ದು ಕೇಳಿಬಂತು, ಹಲಗೆಯ ಮೇಲೆ ಕಂದು ಪುಡಿ ಉದುರಿತು, ಮೇಲ್ತುದಿಯ ಸಂದು 5 ಮಿ.ಮೀ.ಗೆ ಅಗಲವಾಯಿತು. ಗಟ್ಟಿ ಬಾಡಿಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ಇರಬಾರದು. ಬಾಗಿಲು ತೆರೆದು ಜಾಕ್ ಎತ್ತಿದ್ದರೆ ಮತ್ತೆ ಮುಚ್ಚುವುದೇ ಕಷ್ಟವಾಗುತ್ತಿತ್ತೇನೋ.

ಇನ್ನು ಊಹೆ ಸಾಕೆನಿಸಿತು. ಹೇಗಿದ್ದರೂ ಹೊರ ಸಿಲ್ ಬದಲಾಗಲೇಬೇಕಾದ್ದರಿಂದ ಅದರಲ್ಲಿ ಕಿಂಡಿ ತೆರೆಯುವುದು ನನ್ನ ಷರತ್ತಿಗೆ ವಿರುದ್ಧವಲ್ಲ ಎಂದು ನನಗೆ ನಾನೇ ರಿಯಾಯಿತಿ ಕೊಟ್ಟುಕೊಂಡು, ಕನ್ನಡಕ, ಕೈಗವಸು ಹಾಕಿ, ಬ್ಯಾಟರಿ ತಂತಿ ಕಳಚಿ, ಪೆಟ್ರೋಲಿನ ಕ್ಯಾನನ್ನು ಶೆಡ್ಡಿನಿಂದ ದೂರ ಸಾಗಿಸಿ, ಗ್ರೈಂಡರಿನಿಂದ 10 ಸೆಂ.ಮೀ. ಉದ್ದ, 6 ಸೆಂ.ಮೀ. ಎತ್ತರದ ಒಂದು ಚೌಕವನ್ನು ಕತ್ತರಿಸಿದೆ. ಚೌಕ ಕೈಗೆ ಬಂತು. ಅದರ ಹಿಂದೆ ಟೊಳ್ಳು ಕಾಣಬೇಕಿತ್ತು. ಕಂಡದ್ದು ಇನ್ನೊಂದು ಸಿಲ್. ನಾನು ಕೊಳ್ಳುವುದಕ್ಕೆ ಮೊದಲು ಯಾವುದೋ ಗ್ಯಾರೇಜಿನವರು ಕೊಳೆತ ಹಳೆಯ ತಗಡನ್ನು ತೆಗೆಯದೆ, ಅದರ ಮೇಲೆಯೇ ಹೊಸ ತಗಡಿನ ಹೊದಿಕೆ ಕೂರಿಸಿ, ಅಂಚಿಗೆ ಪುಟ್ಟಿ ತುಂಬಿ, ಕೆಳಗಿನಿಂದ ಡಾಂಬರಿನಂಥ ಕಪ್ಪು ಲೇಪ ಬಳಿದಿದ್ದರು. ಲೇಪ ನೀರು ಬಸಿಯುವ ತೂತುಗಳನ್ನೂ ಮುಚ್ಚಿತ್ತು. ಮುಂದಿನ ಚಕ್ರದ ಹಿಂದೆ ಮಡ್‌ಗಾರ್ಡಿನೊಳಗೆ ಸೇರಿದ ಕೆಸರು ಮತ್ತು ನೀರು ಸಿಲ್ಲಿಗೆ ಇಳಿದರೆ ಹೊರಹೋಗಲು ದಾರಿಯೇ ಇರಲಿಲ್ಲ.

ಎರಡು ತಗಡುಗಳ ನಡುವೆ ತುಕ್ಕಿನ ಹಕ್ಕಳೆಗಳು ಹಳೆಯ ಪುಸ್ತಕದ ಹಾಳೆಗಳಂತೆ ಒತ್ತೊತ್ತಾಗಿ ನಿಂತಿದ್ದವು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಹಾಗಾಗಿ ಬೆಸೆದ ಅಂಚುಗಳ ನಡುವೆ ಹುಟ್ಟಿದರೆ ಬೆಣೆ ಹೊಡೆದಂತೆ ಅವನ್ನು ಬಿಡಿಸುತ್ತದೆ. ನಡುವಿನ ತಗಡು ಜರಡಿಯಾಗಿತ್ತು. ಕ್ಯಾಸಲ್ ರೈಲಿಗೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯ ತನಕ ಹೋಯಿತು. ಮೊಬೈಲಿಗೆ ಜೋಡಿಸುವ ತೆಳು ಕ್ಯಾಮೆರಾವನ್ನು ಬಲ ಸಿಲ್ಲಿನ ಮುಂದಿನ ತುದಿಯಿಂದ ಒಳಗಿಳಿಸಿ ನೋಡಿದೆ. ಅಲ್ಲಿಯೂ ಇದೇ ಕಥೆ, ಸ್ವಲ್ಪ ಕಡಿಮೆ.

ವೆಲ್ಡಿಂಗ್ ಬಲ್ಲ ಗೆಳೆಯ ಸಂಜೆ ಬಂದು, ಕಿಂಡಿಯೊಳಗೆ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದ. "ನೀನು ಮೂರು ವರ್ಷ ಇದರಲ್ಲಿ ಓಡಾಡಿದ್ದೀಯಲ್ಲೋ" ಎಂದಷ್ಟೇ ಹೇಳಿದ.

ನಾಲ್ಕನೆಯ ವಾರ: ಲೆಕ್ಕ ಮತ್ತು ಹತ್ತು ಬೆಸುಗೆ

ಸಿಲ್ ಬದಲಿಸುವುದೆಂದರೆ ಸಿಲ್ ಮಾತ್ರ ಬದಲಿಸುವುದಲ್ಲ. ಅದರ ಮುಂದಿನ ತುದಿ ಮಡ್‌ಗಾರ್ಡಿನ ಕೆಳಗಿದೆ; ಅದು ಬೋಲ್ಟಿನದು, ಬಿಚ್ಚಬಹುದು. ಹಿಂದಿನ ತುದಿ ಹಿಂಬದಿಯ ಮಡ್‌ಗಾರ್ಡಿನೊಳಗೆ ಹೋಗುತ್ತದೆ. ಅದು ಬೆಸೆದದ್ದು, ಕೆಳಭಾಗವನ್ನು ಕತ್ತರಿಸಲೇಬೇಕು. ಕತ್ತರಿಸುವ ಮೊದಲು ಬಾಗಿಲ ತೆರವಿಗೆ ಅಡ್ಡಲಾಗಿ ಕಬ್ಬಿಣದ ಕೊಳವೆಗಳನ್ನು ಬಿಗಿದು ಬಾಡಿಯ ಅಳತೆ ಕದಲದಂತೆ ಹಿಡಿಯಬೇಕು. ನಡು ಕುಸಿದಿರುವ ನನ್ನ ಕಾರಿನಲ್ಲಿ ಮೊದಲು ಅದನ್ನು ಎತ್ತಿ ನೇರಮಾಡಿ ಆಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಬಾಗಿದ ಕಾರನ್ನು ಬಾಗಿದಂತೆಯೇ ಶಾಶ್ವತವಾಗಿ ಬೆಸೆದಂತಾಗುತ್ತದೆ. ಒಂದು ಬದಿ ಪೂರ್ತಿ ಮುಗಿಯುವ ತನಕ ಇನ್ನೊಂದು ಬದಿಯನ್ನು ಮುಟ್ಟಕೂಡದು. ಪ್ರತಿ ಹಂತದಲ್ಲೂ ಬಾಗಿಲು ತೂಗುಹಾಕಿ ಸಂದು ನೋಡಬೇಕು.

ಕಾಗದದ ಮೇಲೆ ಗಂಟೆಗಳನ್ನು ಬರೆದೆ. ಎರಡು ಸಿಲ್‌ಗಳಿಗೆ ತಲಾ 60, ನೆಲದ ತಗಡುಗಳಿಗೂ ಬ್ಯಾಟರಿ ಪೆಟ್ಟಿಗೆಗೂ ಸೇರಿ 50, ಮಡ್‌ಗಾರ್ಡು ಮತ್ತು ಬಾಗಿಲುಗಳಿಗೆ 50, ಬ್ರೇಕು, ಸಸ್ಪೆನ್ಷನ್, ಇಂಧನದ ಪೈಪು ಎಲ್ಲಕ್ಕೂ 60, ಬಣ್ಣಕ್ಕೆ ಸಿದ್ಧಗೊಳಿಸಲು 60, ಮತ್ತೆ ಜೋಡಿಸಲು 40. ಒಟ್ಟು 380 ಗಂಟೆ. ಮೊದಲ ಬಾರಿ ಮಾಡುವವನ ಅಂದಾಜಿಗೆ ಅರ್ಧದಷ್ಟು ಸೇರಿಸದಿದ್ದರೆ ಅದು ಅಂದಾಜೇ ಅಲ್ಲ, 570. ವಾರಕ್ಕೆ ಪ್ರಾಮಾಣಿಕವಾಗಿ ನನಗೆ ಸಿಗುವುದು ಆರು ಗಂಟೆ. ಒಂದು ವಾರವೂ ತಪ್ಪದಿದ್ದರೆ 95 ವಾರ. ಹಣದ ಲೆಕ್ಕವನ್ನು ಹೀಗೆ ಹಾಕಿದೆ: ಒಳ್ಳೆಯ ಸ್ಥಿತಿಯಲ್ಲಿ ಓಡುತ್ತಿರುವ ಇಂಥದೇ ಕಾರಿನ ಬೆಲೆ ನೂರು ಎಂದುಕೊಂಡರೆ, ನನ್ನ ಕೆಲಸಕ್ಕೆ ಕೂಲಿ ಹಿಡಿಯದೆಯೂ ಭಾಗಗಳು, ಉಪಕರಣ, ಬಣ್ಣ ಸೇರಿ ಎಂಬತ್ತರ ಹತ್ತಿರ ಬಂತು, ಬಾಡಿ ಕೆಲಸವನ್ನು ಹೊರಗೆ ಕೊಟ್ಟರೆ ನೂರೈವತ್ತು ದಾಟಿತು. ಹೊಸ ಬಾಡಿ ತರಿಸಿ ಎಲ್ಲವನ್ನೂ ಅದಕ್ಕೆ ವರ್ಗಾಯಿಸುವ ದಾರಿಯೂ ಇತ್ತು. ಗಂಟೆ ಕಡಿಮೆಯಾಗುತ್ತಿತ್ತು, ಆದರೆ ಖರ್ಚು ಇನ್ನೂ ಮೇಲೇರುತ್ತಿತ್ತು, ನೋಂದಣಿಯ ತೊಡಕು ಬೇರೆ.

ನಿಜವಾಗಿ ಆಸೆ ಹುಟ್ಟಿಸಿದ್ದು ನಡುವಿನ ದಾರಿ: ಹೊಳಪಿನ ಗೊಡವೆಗೆ ಹೋಗದೆ ಸಿಲ್, ನೆಲ, ಬ್ರೇಕುಗಳನ್ನಷ್ಟೇ ಭದ್ರಮಾಡಿ, ಹಳೆಯ ಬಣ್ಣದಲ್ಲಿಯೇ ಓಡಿಸುವುದು. ಬೆಸುಗೆ ಬಲ್ಲವರಿಗೆ ನಾನು ಇದನ್ನೇ ಹೇಳುವೆ. ಪ್ರಶ್ನೆ, ನನಗೆ ಬೆಸುಗೆ ಬರುತ್ತದೆಯೇ ಎಂಬುದು. ಗೆಳೆಯನ ಮಿಗ್ ವೆಲ್ಡಿಂಗ್ ಯಂತ್ರ ತಂದು, 0.6 ಮಿ.ಮೀ. ತಂತಿ, ಆರ್ಗಾನ್ ಮಿಶ್ರಿತ ಅನಿಲ ಹಾಕಿ, ಸಿಲ್ಲಿನಷ್ಟೇ ದಪ್ಪದ ಹೊಸ ತಗಡಿನ ತುಂಡುಗಳ ಮೇಲೆ ಎರಡು ದಿನ ಅಭ್ಯಾಸ ಮಾಡಿದೆ. ಸ್ಪಾಟ್ ವೆಲ್ಡಿಗೆ ಬದಲಾಗಿ ಮೇಲಿನ ತಗಡಿಗೆ 8 ಮಿ.ಮೀ. ತೂತು ಕೊರೆದು, ಅದರ ಮೂಲಕ ಕೆಳಗಿನ ತಗಡಿಗೆ ಬೆಸೆದು ತುಂಬುವ ಪ್ಲಗ್ ವೆಲ್ಡ್ ವಿಧಾನ ಅದು. ಮೊದಲ ದಿನ ತಗಡನ್ನು ಸುಟ್ಟು ತೂತು ಮಾಡುವುದೇ ಆಯಿತು. ಎರಡನೆಯ ದಿನ ಹತ್ತು ಬೆಸುಗೆಗಳು ನೋಡಲು ಬಹಳ ಚೆನ್ನಾಗಿ ಬಂದವು: ದುಂಡಗೆ, ಸಮತಟ್ಟಾಗಿ, ಅಂಗಿಯ ಗುಂಡಿಯಂತೆ.

ಗೆಳೆಯ ತಗಡುಗಳ ನಡುವೆ ಉಳಿಯಿಟ್ಟು ಸುತ್ತಿಗೆಯಿಂದ ಹೊಡೆಯಲು ಹೇಳಿದ. ಬೆಸುಗೆ ನಿಜವಾಗಿ ಹಿಡಿದಿದ್ದರೆ ಕೆಳಗಿನ ತಗಡಿನಿಂದ ಒಂದು ಚೂರು ಹರಿದುಕೊಂಡೇ ಬರಬೇಕು. ಆರು ಹಾಗೆಯೇ ಬಂದವು. ನಾಲ್ಕು, ಅಂಟಿಸಿದ ಬಿಂದಿಯಂತೆ ಸದ್ದಿಲ್ಲದೆ ಕಳಚಿದವು. ಅಡಿಯಲ್ಲಿ ತಗಡು ಕರಗಿದ ಗುರುತೂ ಇರಲಿಲ್ಲ. ಮೇಜಿನ ಮೇಲೆ, ಶುಭ್ರವಾದ ಹೊಸ ತಗಡಿನಲ್ಲಿ, ಕುರ್ಚಿಯಲ್ಲಿ ಕುಳಿತು ಮಾಡಿದಾಗ ಹತ್ತರಲ್ಲಿ ನಾಲ್ಕು ಸುಳ್ಳು. ಕಾರಿನಡಿ ಮಲಗಿ, ಅರೆಕೊಳೆತ ತಗಡಿನ ಅಂಚಿಗೆ ಮಾಡುವಾಗ ಎಷ್ಟಾಗಬಹುದು? ಈ ಕೌಶಲ ಕಲಿಯಲಾಗದ್ದಲ್ಲ, ಆದರೆ ಇಬ್ಬರು ಕುಳಿತು ಹೋಗುವ ಕಾರಿನ ಬೆನ್ನೆಲುಬಿನ ಮೇಲೆ ಕಲಿಯುವಂಥದ್ದೂ ಅಲ್ಲ. ಲೆಕ್ಕದ ಕಾಗದಕ್ಕಿಂತ ಆ ನಾಲ್ಕು ಗುಂಡಿಗಳೇ ನನ್ನನ್ನು ಒಪ್ಪಿಸಿದವು. ಮಾರುವುದು ಎಂದು ಬರೆದುಕೊಂಡೆ.

ಐದನೆಯ ವಾರ: ಮಾರಾಟಕ್ಕೆ ಸಿದ್ಧತೆ

ಬಿಚ್ಚಿ ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಬರುತ್ತದೆ ಎಂಬ ಸಲಹೆ ಬಂತು. ಸುಲಭವಾಗಿ ಹೊಸ ಭಾಗಗಳು ಸಿಗುವ ಕಾರಿಗೆ ಅದು ಅಷ್ಟಾಗಿ ಹೊಂದುವುದಿಲ್ಲ. ಎಂಜಿನ್, ಗೇರ್‌ಬಾಕ್ಸ್, ಚಕ್ರಗಳು ಮೊದಲ ತಿಂಗಳಲ್ಲಿ ಹೋಗುತ್ತವೆ, ಉಳಿದ ಕೊಳೆತ ತೊಗಟೆ ಶೆಡ್ಡಿನಲ್ಲಿಯೇ ಉಳಿಯುತ್ತದೆ. ಬಣ್ಣ ಹೊಡೆಸಲಿಲ್ಲ, ಕಿಂಡಿ ಮುಚ್ಚಲಿಲ್ಲ. ಮಾಡಿದ ಕೆಲಸ ಒಂದೇ: ಕಾರು ಉರುಳುವಂತೆ ಮಾಡಿದ್ದು. ಬ್ರೇಕ್ ದ್ರವ ವರ್ಷಗಳಲ್ಲಿ ತೇವ ಹೀರಿ ಮುಂದಿನ ಚಕ್ರಗಳ ಬ್ರೇಕ್ ಒತ್ತುವ ಕ್ಯಾಲಿಪರ್ ಪಿಸ್ಟನ್ನುಗಳನ್ನು ಕಚ್ಚಿಸಿತ್ತು. ಪೆಡಲಿನ ಒತ್ತಡದಿಂದಲೇ ಅವನ್ನು ಸ್ವಲ್ಪ ಹೊರಗೆ ಸರಿಸಿ, ಸುತ್ತ ಶುಚಿಮಾಡಿ, ಮತ್ತೆ ಒಳತಳ್ಳಿದೆ. ಹಿಂದಿನ ಡ್ರಮ್ಮಿನಲ್ಲಿ ಹ್ಯಾಂಡ್‌ಬ್ರೇಕಿನ ಸನ್ನೆಕೋಲು ಅಂಟಿಕೊಂಡಿತ್ತು. ಇದು ತಳ್ಳಿ ಲಾರಿಗೆ ಹತ್ತಿಸುವುದಕ್ಕಷ್ಟೇ, ಓಡಿಸುವುದಕ್ಕಲ್ಲ ಎಂದು ಸ್ಟೀರಿಂಗಿಗೆ ಚೀಟಿ ಕಟ್ಟಿದೆ.

ನಲವತ್ತು ಚಿತ್ರ ತೆಗೆದೆ, ಅದರಲ್ಲಿ ಇಪ್ಪತ್ತೈದು ತುಕ್ಕಿನವು. ಅಳತೆಗಳನ್ನು, ಕಂಪ್ರೆಷನ್ ಅಂಕಿಗಳನ್ನು, 380 ಗಂಟೆಯ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಪ್ರಮಾಣಪತ್ರದೊಡನೆ ಇಟ್ಟೆ. ಕೇಳಿದವರಲ್ಲಿ ಹೆಚ್ಚಿನವರು ಕಿಂಡಿಯ ಚಿತ್ರ ನೋಡಿ ಮತ್ತೆ ಮಾತನಾಡಲಿಲ್ಲ. ಅದು ನಷ್ಟವೆಂದು ನನಗೆ ಅನಿಸಲಿಲ್ಲ. ಅವರು ಬಂದು ನೋಡಿ, ಚೌಕಾಸಿ ಮಾಡಿ, ಆಮೇಲೆ ಬಿಟ್ಟುಹೋಗುವ ಬದಲು ಮನೆಯಲ್ಲಿಯೇ ಬಿಟ್ಟರು.

ಕೊಂಡವರು ಟಿಂಕರಿಂಗ್ ಕೆಲಸದಲ್ಲಿಯೇ ಕೂದಲು ನರೆಸಿಕೊಂಡ ಹಿರಿಯರು. ಎಂಜಿನ್ ಚಾಲೂ ಮಾಡಿ ತೋರಿಸಲೇ ಎಂದು ಕೇಳಿದರೆ, "ಆಮೇಲೆ ಆಗಲಿ ಬಿಡಿ" ಎಂದು ನೇರ ಎಡ ಸಿಲ್ಲಿನ ಬಳಿ ಮೊಣಕಾಲೂರಿ ಕುಳಿತರು. ಕಿಂಡಿಯೊಳಗೆ ಬೆರಳು ಹಾಕಿ ಅಂಚು ಸವರಿದರು, ಬಾಗಿಲಿನ ಸಂದಿಗೆ ಹೆಬ್ಬೆರಳಿನ ಉಗುರು ತೂರಿಸಿ ಮೇಲಿನಿಂದ ಕೆಳಗೆ ಎಳೆದರು, ನಾನು ಬರೆದ ಹಾಳೆಯ ಮೇಲೆ ಕಣ್ಣಾಡಿಸಿದರು. ಸಿಲ್‌ಗಳ ಮುಂದೆ ನಾನು ಬರೆದಿದ್ದ 60 ಎಂಬುದನ್ನು ತೋರಿಸಿ, "ನನಗೆ ಇಪ್ಪತ್ತೈದು ಸಾಕು, ನಿಮಗೆ ನೂರು ಬೇಕಾಗ್ತಿತ್ತು" ಎಂದರು. ನಾನು ಹೇಳಿದ ಬೆಲೆಯಲ್ಲಿ ಸ್ವಲ್ಪವೇ ಇಳಿಸಿದರು, ಒಪ್ಪಿದೆ. ಕಾರನ್ನು ಲಾರಿಗೆ ಹತ್ತಿಸಿ ಚಕ್ರಗಳಿಗೆ ಪಟ್ಟಿ ಬಿಗಿದ ಮೇಲೆ ಅವರು ಮತ್ತೆ ಇಳಿದು ಬಂದು, ಸಿಲ್ಲಿನಿಂದ ಕತ್ತರಿಸಿ ತೆಗೆದ ಆ ಚೌಕದ ತುಂಡು ಎಲ್ಲಿ ಎಂದು ಕೇಳಿದರು. ಶೆಡ್ಡಿನ ಕಿಟಕಿಯ ಮೇಲಿಟ್ಟಿದ್ದನ್ನು ತಂದು ಕೊಟ್ಟೆ. ಅದರ ಅಂಚನ್ನು ಎರಡು ಬೆರಳಿನ ನಡುವೆ ಹಿಡಿದು ದಪ್ಪ ನೋಡಿ, ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟರು.